ಅಪ್ಪನಿಗೆ ಅಬ್ಲೇಶನ್ ಮಾಡಿಸೋದಾ, ಮಾತ್ರೆಯಲ್ಲೇ ಇರಿಸೋದಾ? ಮನೆಯಲ್ಲಿ ಎರಡು ಪಾರ್ಟಿ ಆಗಿದೆ

ಗಂಗಾವತಿ_ಗದ್ದೆ

ಎಲ್ಲರಿಗೂ ನಮಸ್ಕಾರ. ನಮ್ಮದು ಗಂಗಾವತಿ ಹತ್ತಿರದ ಹಳ್ಳಿ. ಎಡದಂಡೆ ಕಾಲುವೆ ನೀರಿನ ಮೇಲೆ ಭತ್ತ ಬೆಳೆಯುತ್ತೇವೆ. ಅಪ್ಪನಿಗೆ 67 ವರ್ಷ. ಬಿಪಿ ಇದೆ, ಶುಗರ್ ಇದೆ, ಆದರೂ ದಿನಾ ಗದ್ದೆಗೆ ಹೋಗುತ್ತಾರೆ. ಏಳು ತಿಂಗಳ ಹಿಂದೆ ಕಣ್ಣಿನ ಪೊರೆ ಆಪರೇಶನ್‌ಗೆ ಮುಂಚೆ ಇಸಿಜಿ ತೆಗೆದಾಗ 'ಏಟ್ರಿಯಲ್ ಫಿಬ್ರಿಲೇಶನ್' (ಎಫಿಬ್), ಅಂದರೆ ಹೃದಯದ ಬಡಿತ ಲಯ ತಪ್ಪುವ ಕಾಯಿಲೆ ಅಂತ ಬಂತು. ನಾಡಿ ಹಿಡಿದರೆ ನಮಗೂ ಗೊತ್ತಾಗುತ್ತದೆ. ಎರಡು ಬಡಿತ ಬೇಗ, ಒಂದು ತಡ, ಲೆಕ್ಕಕ್ಕೇ ಸಿಗುವುದಿಲ್ಲ. ಬಿಟ್ಟು ಬಿಟ್ಟು ಬರುವುದಲ್ಲ, ಯಾವಾಗ ನೋಡಿದರೂ ಹಾಗೇ ಇರುತ್ತದೆ.

ಬಳ್ಳಾರಿಯಲ್ಲಿ ರಕ್ತ ತೆಳು ಮಾಡುವ ಅಪಿಕ್ಸಬಾನ್ ಮತ್ತು ಬಡಿತದ ವೇಗ ಇಳಿಸುವ ಮೆಟೊಪ್ರೊಲಾಲ್ ಕೊಟ್ಟರು. ಆಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋದೆವು. ಹೃದಯದೊಳಗೆ ವೈರು ಕಳಿಸಿ ಬಡಿತ ಕೆಡಿಸುವ ಜಾಗ ಸುಡುವುದಕ್ಕೆ ಅಬ್ಲೇಶನ್ ಅಂತಾರಂತೆ. ಅಲ್ಲಿನ ಡಾಕ್ಟರ್ "ಅಬ್ಲೇಶನ್ ಮಾಡಬಹುದು, ಅರ್ಜೆಂಟ್ ಏನಿಲ್ಲ, ಮನೆಯಲ್ಲಿ ಮಾತಾಡಿ" ಅಂದರು. ಇದೇ ತಲೆನೋವು ನೋಡಿ. ಮಾಡಲೇಬೇಕು ಅಂದಿದ್ದರೆ ಮಾಡಿಸುತ್ತಿದ್ದೆವು. ಬೇಡ ಅಂದಿದ್ದರೆ ವಾಪಸ್ ಬರುತ್ತಿದ್ದೆವು.

ಅಣ್ಣ "ಸುಮ್ನೆ ಮಲಗಿದ ಹಾವನ್ನು ಯಾಕೆ ಕೆಣಕಬೇಕು" ಅಂತಾನೆ. ಅಕ್ಕ "ಮಾಡಿಸಿಬಿಡಿ, ಪಕ್ಕದ ಮನೆ ಕಾಕಾಗೆ ಲಕ್ವ ಹೊಡೆದದ್ದು ಇದರಿಂದಲೇ" ಅಂತಾಳೆ. ಅಪ್ಪನಿಗಂತೂ ಏನೂ ತೊಂದರೆ ಇಲ್ಲ. ಮಾಡಿಸಿಕೊಂಡವರು, ಬೇಡ ಅಂದವರು ಇಬ್ಬರೂ ಹೇಳಿ.

ತೋರಣಗಲ್ಲು_ಶಿಫ್ಟ್

ಮಾಡಿಸಿಕೊಂಡವನು ನಾನು. ಒಂದಲ್ಲ, ಎರಡು ಸಲ. ಆಗ 49 ವರ್ಷ. ನಂದು ಬಂದು ಹೋಗುವ ಟೈಪ್. ರಾತ್ರಿ ಪಾಳಿಯಲ್ಲಿ ಇದ್ದಕ್ಕಿದ್ದಂತೆ ಎದೆಯೊಳಗೆ ಮೀನು ಒದ್ದಾಡಿದ ಹಾಗೆ ಆಗುತ್ತಿತ್ತು. ನಾಡಿ 150 ದಾಟುತ್ತಿತ್ತು. ಬೆವರು, ಭಯ, ತಾಸುಗಟ್ಟಲೆ ಹಾಗೇ. ಮಾತ್ರೆ ಬದಲಿಸಿದರು, ಡೋಸ್ ಏರಿಸಿದರು, ನಿಲ್ಲಲಿಲ್ಲ.

ಎದೆ ಕೊಯ್ಯುತ್ತಾರೆ ಅಂತ ನಮ್ಮವ್ವ ಅತ್ತಿದ್ದೇ ಅತ್ತಿದ್ದು. ಎದೆ ಮುಟ್ಟುವುದೇ ಇಲ್ಲ. ತೊಡೆಸಂದಿನ ರಕ್ತನಾಳದಿಂದ ತೆಳ್ಳನೆಯ ವೈರುಗಳನ್ನು ಹೃದಯದೊಳಗೆ ಕಳಿಸುತ್ತಾರೆ. ನನಗೆ ಮೂರು ತಾಸು ಹಿಡಿಯಿತು. ಆಮೇಲೆ ಆರು ತಾಸು ಕಾಲು ಮಡಚದೆ ಅಂಗಾತ ಮಲಗಬೇಕು. ಅದೇ ದೊಡ್ಡ ಶಿಕ್ಷೆ! ಮೂರನೇ ದಿನ ಮನೆಗೆ ಬಂದೆ.

ಹತ್ತು ದಿನಕ್ಕೆ ಮತ್ತೆ ಮೀನು ಒದ್ದಾಡಿತು. ದುಡ್ಡು ನೀರಿಗೆ ಹಾಕಿದೆ ಅಂದುಕೊಂಡೆ. ಸುಟ್ಟ ಗಾಯ ಮಾಯುವಾಗ ಮೊದಲ ಎರಡು ಮೂರು ತಿಂಗಳು ಹೀಗಾಗುತ್ತದೆ, ಅದನ್ನು ಸೋಲು ಅಂತ ಎಣಿಸಬೇಡಿ ಅಂದರು. ಆದರೆ ಐದನೇ ತಿಂಗಳೂ ಬಂತು. ಎರಡನೇ ಸಲ ಮಾಡಿದ ಮೇಲೆ ಈಗ ಎರಡು ವರ್ಷ ನೆಮ್ಮದಿಯಾಗಿದ್ದೇನೆ. ನನ್ನನ್ನು ಕೇಳಿದರೆ ಮಾಡಿಸಿ ಅಂತಲೇ ಹೇಳುತ್ತೇನೆ.

ಬಳ್ಳಾರಿ_ಕೋಟೆ_ಕೆಳಗೆ

ನಾನು ಬೇರೆಯದೇ ಕಥೆ ಹೇಳಬೇಕು. ನಮ್ಮ ದೊಡ್ಡಣ್ಣನಿಗೂ ಅಬ್ಲೇಶನ್ ಆಯಿತು. ಸಕ್ಸಸ್. ಇಸಿಜಿ ಗೆರೆ ಅಳೆದು ಬರೆದ ಹಾಗಿತ್ತು. ಅವನಿಗೆ 70 ದಾಟಿತ್ತು, ಬಿಪಿ, ಶುಗರ್ ಎರಡೂ ಇತ್ತು. ನಾಡಿ ಸರಿ ಇದೆಯಲ್ಲ, ಇನ್ನು ತಿಂಗಳಿಗೆ ಅಷ್ಟು ದುಡ್ಡಿನ ಮಾತ್ರೆ ಯಾಕೆ ಅಂತ ರಕ್ತ ತೆಳು ಮಾಡುವ ಮಾತ್ರೆಯನ್ನು ತಾನೇ ಬಿಟ್ಟ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಎಂಟು ತಿಂಗಳಿಗೆ ಬೆಳಗ್ಗೆ ಚಹಾದ ಲೋಟ ಕೈಯಿಂದ ಜಾರಿತು. ಬಲಗೈ, ಬಲಗಾಲು, ಮಾತು ಎಲ್ಲ ಹೋಯಿತು. ಈಗ ನಡೆಯುತ್ತಾನೆ, ಮಾತು ಮಾತ್ರ ಅರ್ಧ.

ನಿಮ್ಮ ಅಕ್ಕನಿಗೆ ಇದನ್ನು ಓದಿ ಹೇಳಿ. ಲಕ್ವ ತಡೆಯೋಕೆ ಅಂತ ಅಬ್ಲೇಶನ್ ಮಾಡಿಸಿ ಮಾತ್ರೆ ಬಿಡಿಸಿದರೆ ನಮ್ಮ ಗತಿಯೇ.

ಕ್ಯಾಥ್‌ಲ್ಯಾಬ್_ಕೊಪ್ಪಳ

ಊರು ಕೊಪ್ಪಳ, ಕೆಲಸ ಬೆಂಗಳೂರಿನ ಒಂದು ಕ್ಯಾಥ್‌ಲ್ಯಾಬ್‌ನಲ್ಲಿ (ಹೃದಯಕ್ಕೆ ವೈರು ಹಾಕಿ ಚಿಕಿತ್ಸೆ ಮಾಡುವ ಕೋಣೆ) ಟೆಕ್ನಿಷಿಯನ್. ಡಾಕ್ಟರ್ ಅಲ್ಲ. ದಿನಾ ನೋಡುವುದನ್ನು ಹೇಳುತ್ತೇನೆ.

ಮೇಲಿನ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಇಲ್ಲಿ ಎರಡು ಬೇರೆ ಬೇರೆ ಜಗಳ ಇವೆ. ಜನ ಅವನ್ನು ಒಂದೇ ಮಾಡುತ್ತಾರೆ. ಹೃದಯದ ಮೇಲಿನ ಕೋಣೆ ಸರಿಯಾಗಿ ಹಿಂಡದೆ ನಡುಗುತ್ತಿದ್ದರೆ ಅದರ ಮೂಲೆಯ ಒಂದು ಚೀಲದಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವ. ಇದನ್ನು ತಡೆಯುವುದು ರಕ್ತ ತೆಳು ಮಾಡುವ ಮಾತ್ರೆ. ಅಬ್ಲೇಶನ್ ಮಾಡುವುದು ಬಡಿತ ಸರಿ ಮಾಡೋಕೆ, ಅಂದರೆ ಸುಸ್ತು, ದಮ್ಮು, ಡವಡವ ಕಡಿಮೆ ಮಾಡೋಕೆ.

ಮಾತ್ರೆ ಬೇಕಾ ಬೇಡವಾ ಅಂತ ನೋಡಲು ಚಾಡ್ಸ್-ವಾಸ್ಕ್ ಅಂತ ಒಂದು ಅಂಕದ ಲೆಕ್ಕ ಇದೆ. 65 ದಾಟಿದ್ದಕ್ಕೆ 1, ಬಿಪಿಗೆ 1, ಶುಗರ್‌ಗೆ 1. ನಿಮ್ಮ ತಂದೆಯವರದು ಈಗಲೇ 3. ಗಂಡಸರಿಗೆ 2 ಆದರೇ ಮಾತ್ರೆ ಬೇಕು ಅಂತಾರೆ. ಅಬ್ಲೇಶನ್ ಗೆದ್ದರೂ ಈ 3 ಹಾಗೇ ಇರುತ್ತದೆ. ಅಂಕ ಇಲ್ಲದವರಿಗೂ ಮೊದಲ ಎರಡು ಮೂರು ತಿಂಗಳು ಮಾತ್ರೆ ತಪ್ಪುವುದಿಲ್ಲ.

ಕೆಲಸ ಹೇಗೆ ಅಂದರೆ, 1998ರಲ್ಲಿ ಫ್ರಾನ್ಸ್‌ನ ಬೋರ್ಡೋದಲ್ಲಿ ಹೈಸಾಗೆರ್ ಎಂಬ ಡಾಕ್ಟರ ತಂಡ ಒಂದು ವಿಷಯ ತೋರಿಸಿತು. ಬಡಿತ ಕೆಡಿಸುವ ಕರೆಂಟಿನ ಕಿಡಿ ಹೆಚ್ಚಾಗಿ ಹುಟ್ಟುವುದು ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ತರುವ ನಾಲ್ಕು ನಾಳಗಳ ಬಾಯಲ್ಲಿ. ಅದಕ್ಕೇ ಆ ಬಾಯಿಗಳ ಸುತ್ತ ಸುಟ್ಟೋ, ವಿಪರೀತ ತಣ್ಣಗೆ ಮಾಡಿಯೋ ಬದು ಕಟ್ಟುತ್ತೇವೆ. ಒಂದು ಗದ್ದೆ ನೀರು ಇನ್ನೊಂದಕ್ಕೆ ಹೋಗದ ಹಾಗೆ. ಬದುವಿನಲ್ಲಿ ಒಂದು ಕಡೆ ಬಿರುಕು ಬಿಟ್ಟರೂ ಕರೆಂಟು ಮತ್ತೆ ನುಗ್ಗುತ್ತದೆ. ತೋರಣಗಲ್ಲು ಅಣ್ಣನಿಗೆ ಎರಡನೇ ಸಲ ಬೇಕಾಗಿದ್ದು ಹೆಚ್ಚುಕಡಿಮೆ ಇದಕ್ಕೇ. ಬಂದು ಹೋಗುವ ಟೈಪ್‌ನಲ್ಲಿ ಒಂದು ಸಲಕ್ಕೆ ಹತ್ತರಲ್ಲಿ ಏಳು ಜನ ವರ್ಷದ ಕೊನೆಗೆ ಚೆನ್ನಾಗಿರುತ್ತಾರೆ. ನಿಮ್ಮ ತಂದೆಯವರ ಹಾಗೆ ನೆಲೆ ನಿಂತಿದ್ದರೆ ಐದಾರು ಅಂತ ಇಟ್ಟುಕೊಳ್ಳಿ.

ಇನ್ನು ಅಪಾಯ. ಹೃದಯದ ಗೋಡೆ ತೂತಾಗಿ ಸುತ್ತಲಿನ ಚೀಲದಲ್ಲಿ ರಕ್ತ ತುಂಬುವುದು ಸುಮಾರು ನೂರಕ್ಕೆ ಒಬ್ಬರಿಗೆ. ಅಲ್ಲೇ ಸೂಜಿ ಹಾಕಿ ತೆಗೆಯುತ್ತೇವೆ. ಅಪರೂಪಕ್ಕೆ ಎದೆ ತೆರೆಯಬೇಕಾಗುತ್ತದೆ. ಟೇಬಲ್ ಮೇಲೇ ಲಕ್ವ ಆಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ತೊಡೆಸಂದಿನಲ್ಲಿ ಬಾವು, ರಕ್ತ ಕಟ್ಟುವುದು ಸ್ವಲ್ಪ ಜಾಸ್ತಿ ಕಾಣುತ್ತೇವೆ.

ನನಗೆ ಹೆದರಿಕೆ ಇರುವುದು ಬೇರೆಯದಕ್ಕೆ. ಅನ್ನನಾಳ ಹೃದಯದ ಬೆನ್ನಿಗೇ ಅಂಟಿಕೊಂಡಿರುತ್ತದೆ. ಶಾಖ ಅಲ್ಲಿಗೆ ತಟ್ಟಿ ಎರಡರ ನಡುವೆ ತೂತಾದರೆ ಬದುಕುವುದು ಕಷ್ಟ. ಸಾವಿರಕ್ಕೆ ಒಬ್ಬರಿಗೂ ಆಗುವುದಿಲ್ಲ, ಆದರೆ ಆಗುವುದು ಎರಡು ನಾಲ್ಕು ವಾರ ಬಿಟ್ಟು. ಆಗ ನೀವು ಊರಲ್ಲಿರುತ್ತೀರಿ. ಜ್ವರ ಬರುತ್ತದೆ, ನುಂಗಿದರೆ ನೋವು. ಊರಿನ ಕ್ಲಿನಿಕ್‌ನಲ್ಲಿ ವೈರಲ್ ಅಂತ ಸಲಾಯಿನ್ ಹಾಕುತ್ತಾರೆ, ಇಲ್ಲ ಗ್ಯಾಸ್ಟ್ರಿಕ್ ಅಂತ ಎಂಡೋಸ್ಕೋಪಿಗೆ ಕಳಿಸುತ್ತಾರೆ. ಆ ಸ್ಥಿತಿಯಲ್ಲಿ ಎಂಡೋಸ್ಕೋಪಿಯ ಗಾಳಿಯೇ ಜೀವಕ್ಕೆ ಕುತ್ತು. ಮೊದಲು ಎದೆಯ ಸಿಟಿ ಸ್ಕ್ಯಾನ್ ಆಗಬೇಕು. ಅಬ್ಲೇಶನ್ ಆದ ಎರಡು ತಿಂಗಳೊಳಗೆ ಜ್ವರ ಬಂದರೆ ಮೊದಲ ಫೋನು ಅಬ್ಲೇಶನ್ ಮಾಡಿದ ಆಸ್ಪತ್ರೆಗೇ ಇರಲಿ. ಈಗ ಬಂದಿರುವ ಪಲ್ಸ್ಡ್ ಫೀಲ್ಡ್ ವಿಧಾನದಲ್ಲಿ ಶಾಖದ ಬದಲು ವಿದ್ಯುತ್ ಮಿಡಿತ ಬಳಸುತ್ತಾರೆ, ಅನ್ನನಾಳದ ಭಯ ಅದರಲ್ಲಿ ತೀರ ಕಡಿಮೆ. ನಿಮಗೆ ಯಾವುದು ಅಂತ ಕೇಳಿಕೊಳ್ಳಿ.

ಸಿರುಗುಪ್ಪ_ಸೀದಾ_ಮಾತು

ಇಷ್ಟೆಲ್ಲ ಅಪಾಯ ಓದಿದ ಮೇಲೂ ಮಾಡಿಸುತ್ತೀರಾ? ನಮ್ಮ ಸೋದರಮಾವ 15 ವರ್ಷದಿಂದ ಇದೇ ಬಡಿತದಲ್ಲಿದ್ದಾರೆ. ದಿನಾ ಬೆಳ್ಳುಳ್ಳಿ, ಅರ್ಜುನ ಚಕ್ಕೆ ಕಷಾಯ. ಗಟ್ಟಿಯಾಗಿದ್ದಾರೆ. ಆಸ್ಪತ್ರೆಯವರಿಗೆ ಮಷಿನ್ ದುಡಿಯಬೇಕು ಅಷ್ಟೇ.

ಕ್ಯಾಥ್‌ಲ್ಯಾಬ್_ಕೊಪ್ಪಳ

ಮಾವ ಗಟ್ಟಿಯಾಗಿದ್ದರೆ ಸಂತೋಷ ಅಣ್ಣಾ. ಅಬ್ಲೇಶನ್ ಇಲ್ಲದೆ ಹಾಗಿರುವವರು ಬೇಕಾದಷ್ಟು ಜನ ಇದ್ದಾರೆ, ಅದು ಸುಳ್ಳಲ್ಲ. 2002ರಲ್ಲಿ ಬಂದ ಅಫರ್ಮ್ ಅಧ್ಯಯನದಲ್ಲಿ 4,060 ಜನರಿದ್ದರು. ಬಡಿತವನ್ನು ಲಯಕ್ಕೆ ತರಲು ಔಷಧಿ ಕೊಟ್ಟವರು, ಬರೀ ವೇಗ ಇಳಿಸಿಕೊಂಡವರು, ಇಬ್ಬರ ಆಯಸ್ಸಿನಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ. 2019ರ ಕಬಾನಾದಲ್ಲಿ ಅಬ್ಲೇಶನ್‌ಗೂ ಔಷಧಿಗೂ ನೇರ ಪೈಪೋಟಿ, 2,204 ಜನ. ಅಲ್ಲೂ ಸಾವು, ಲಕ್ವ ಒಟ್ಟು ಸೇರಿಸಿದರೆ ಖಚಿತ ಗೆಲುವು ಸಿಗಲಿಲ್ಲ. ಔಷಧಿ ಗುಂಪಿನ ಕಾಲು ಭಾಗಕ್ಕಿಂತ ಜಾಸ್ತಿ ಜನ ನಡುವೆಯೇ ಅಬ್ಲೇಶನ್ ಮಾಡಿಸಿಕೊಂಡರು, ಹಾಗಾಗಿ ಅದರ ಅರ್ಥದ ಮೇಲೆ ಇವತ್ತಿಗೂ ವಾದ ಇದೆ. ಆದರೆ ಜನರ ಸುಸ್ತು ಕಡಿಮೆಯಾಯಿತು, ದಿನಗಳು ಚೆನ್ನಾದವು ಅನ್ನೋದರಲ್ಲಿ ವಾದ ಇಲ್ಲ.

ಇನ್ನೊಂದು ಕಡೆಯೂ ಇದೆ. ಹೃದಯದ ಪಂಪಿಂಗ್ ಇಳಿದವರಲ್ಲಿ ಅಬ್ಲೇಶನ್ ಸಾವನ್ನೂ ಕಡಿಮೆ ಮಾಡಿತು ಅಂತ 2018ರ ಕ್ಯಾಸಲ್-ಎಎಫ್ ತೋರಿಸಿತು. ಕಾಯಿಲೆ ಗೊತ್ತಾದ ಒಂದು ವರ್ಷದೊಳಗೆ ಔಷಧಿಯಿಂದಲೋ ಅಬ್ಲೇಶನ್‌ನಿಂದಲೋ ಲಯ ಹಿಡಿದಿಟ್ಟರೆ ಮುಂದೆ ಒಳ್ಳೆಯದು ಅಂತ 2020ರ ಈಸ್ಟ್ ಅಧ್ಯಯನ. ಗಂಗಾವತಿ ಅಣ್ಣನವರ ತಂದೆಗೆ ಏಳು ತಿಂಗಳಷ್ಟೇ ಆಗಿದೆ. ಐದು ವರ್ಷ ಹೀಗೇ ಬಿಟ್ಟರೆ ಕೋಣೆ ಹಿಗ್ಗುತ್ತದೆ, ಆಮೇಲೆ ಬದು ಕಟ್ಟಿದರೂ ನಿಲ್ಲುವುದು ಕಷ್ಟ.

ಎಕೋದಲ್ಲಿ (ಹೃದಯದ ಸ್ಕ್ಯಾನ್) ಪಂಪಿಂಗ್ ಎಷ್ಟು, ಎಡ ಮೇಲ್ಕೋಣೆ ಎಷ್ಟು ದೊಡ್ಡದಾಗಿದೆ, ಇವೆರಡನ್ನು ನೋಡಿ ಹೇಳಿ. ಥೈರಾಯ್ಡ್ ಟೆಸ್ಟ್ ಆಗಿದೆಯಾ? ರಾತ್ರಿ ಗೊರಕೆ ಹೊಡೆಯುತ್ತಾ ಉಸಿರು ಕಟ್ಟುತ್ತದಾ? ಆಮೇಲೆ, ಕಷಾಯ ಕುಡಿಯಿರಿ, ಆದರೆ ರಕ್ತ ತೆಳು ಮಾಡುವ ಮಾತ್ರೆ ಇರುವಾಗ ಡಾಕ್ಟರಿಗೆ ಹೇಳಿ ಕುಡಿಯಿರಿ.

ಮಾನ್ವಿ_ಹತ್ತಿ

ನಮ್ಮ ಅವ್ವನದು ಇದಕ್ಕಿಂತ ಬೇರೆ, ಆದರೂ ಹೇಳುತ್ತೇನೆ. ಯಾಕೆಂದರೆ ನಮ್ಮ ಕಡೆ ಇಂಥವರು ಬಹಳ. ಚಿಕ್ಕವಳಿದ್ದಾಗ ಕೀಲು ಊತ, ಜ್ವರ ಬಂದಿತ್ತಂತೆ. ಯಾರೂ ಗಮನ ಕೊಡಲಿಲ್ಲ. ಆ ರುಮ್ಯಾಟಿಕ್ ಜ್ವರ ಹೃದಯದ ಮೈಟ್ರಲ್ ಕವಾಟ ಕೆಡಿಸಿತ್ತು. ಕವಾಟ ಕಿರಿದಾಗಿ ಎಫಿಬ್ ಶುರುವಾಯಿತು. ಬರೀ ತೊಡೆಯ ವೈರಿನ ಕೆಲಸ ಇದಕ್ಕೆ ಸಾಲುವುದಿಲ್ಲ. ಕವಾಟವನ್ನೇ ನೋಡಬೇಕು.

ಎದೆ ತೆರೆದು ಕವಾಟ ಬದಲಿಸಿದರು. ಅದೇ ಆಪರೇಶನ್‌ನಲ್ಲಿ 'ಮೇಜ್' ಮಾಡಿ, ಹೆಪ್ಪು ಕಟ್ಟುವ ಚೀಲವನ್ನೂ ಹೊಲಿದರು. ಮೇಜ್ ಅಂದರೆ ಸುತ್ತುದಾರಿ. ಅಮೆರಿಕದ ಜೇಮ್ಸ್ ಕಾಕ್ಸ್ 1987ರಲ್ಲಿ ಶುರು ಮಾಡಿದ್ದು. ಮೇಲ್ಕೋಣೆಯಲ್ಲಿ ಗೆರೆ ಹಾಕಿ ಹಾಕಿ ಕರೆಂಟಿಗೆ ಒಂದೇ ದಾರಿ ಬಿಡುತ್ತಾರೆ. ಕಳ್ಳ ಕರೆಂಟು ಚಕ್ರವ್ಯೂಹ ಹೊಕ್ಕ ಅಭಿಮನ್ಯುವಿನ ಹಾಗೆ ಅಲ್ಲೇ ಸಾಯುತ್ತದೆ. ಬೇರೆ ಕಾರಣಕ್ಕೆ ಹೃದಯದ ಆಪರೇಶನ್ ಹೇಗೂ ಆಗುತ್ತಿದ್ದರೆ ಚೀಲ ಮುಚ್ಚಿಸಿಬಿಡುವುದು ಲಾಭ ಅಂತ ಸರ್ಜನ್ ಹೇಳಿದರು. 2021ರ ಒಂದು ದೊಡ್ಡ ಅಧ್ಯಯನದಲ್ಲಿ ಚೀಲ ಮುಚ್ಚಿದವರಲ್ಲಿ ಲಕ್ವ 7 ಶೇಕಡಾದಿಂದ 4.8ಕ್ಕೆ ಇಳಿದಿತ್ತಂತೆ. ಮಾತ್ರೆ ಮಾತ್ರ ಮುಂದುವರಿದೇ ಇತ್ತು.

ಅವ್ವನಿಗೆ ಹಾಕಿದ್ದು ಲೋಹದ ಕವಾಟ. ಹಾಗಾಗಿ ಅಪಿಕ್ಸಬಾನ್ ತರಹದ ಹೊಸ ಮಾತ್ರೆ ನಡೆಯುವುದಿಲ್ಲ, ಅಸಿಟ್ರೋಮ್ ಎಂಬ ಹಳೆಯ ಬಗೆಯ ರಕ್ತ ತೆಳು ಮಾಡುವ ಮಾತ್ರೆ ಬೇಕು. ರಕ್ತ ಎಷ್ಟು ತೆಳುವಾಗಿದೆ ಅಂತ ನೋಡುವ ಐಎನ್ಆರ್ ಟೆಸ್ಟಿಗೆ ರಾಯಚೂರಿಗೆ ಓಡಾಟ. ಪುಂಡಿಪಲ್ಯ, ಮೆಂತ್ಯ, ಹಕ್ಕರಕಿ ಸೊಪ್ಪು ಒಂದು ವಾರ ರಾಶಿ ತಿಂದು ಇನ್ನೊಂದು ವಾರ ಬಿಟ್ಟರೆ ಐಎನ್ಆರ್ ಕುಣಿಯುತ್ತದೆ. ಬಿಡಬೇಕಾಗಿಲ್ಲ, ದಿನಾ ಒಂದೇ ಅಳತೆ ತಿನ್ನಬೇಕು. ರೊಟ್ಟಿ ಜೊತೆ ಪುಂಡಿಪಲ್ಯ ಅಳತೆ ಮಾಡಿ ತಿನ್ನು ಅಂತ ನಮ್ಮವ್ವನಿಗೆ ಹೇಳಿ ನೋಡಿ!

ರಾಯಚೂರು_ಬಿಸಿಲು

ಮಾತ್ರೆಯಲ್ಲೇ ಇರಿಸಿ ಅನ್ನುವವರಿಗೆ ಒಂದು ಮಾತು. ಮಾತ್ರೆ ಅಂದರೆ ಪುಕ್ಕಟೆ ಅಲ್ಲ. ನನಗೆ ಲಯ ಹಿಡಿಯೋಕೆ ಅಮಿಯೊಡರೋನ್ ಕೊಟ್ಟಿದ್ದರು. ಬಡಿತ ಚೆನ್ನಾಗಿ ನಿಂತಿತು. ಆದರೆ ಬಿಸಿಲಿಗೆ ಹೋದರೆ ಮೈ ಉರಿ, ಮುಖ ಕಪ್ಪಿಟ್ಟಿತು. ರಾಯಚೂರಿನಲ್ಲಿ ಬಿಸಿಲಿಗೆ ಹೋಗದೆ ಬದುಕುವುದು ಎಲ್ಲಿಯ ಮಾತು? ಒಂದೂವರೆ ವರ್ಷಕ್ಕೆ ಥೈರಾಯ್ಡ್ ಕೆಟ್ಟಿತು. ಆರು ತಿಂಗಳಿಗೊಮ್ಮೆ ಥೈರಾಯ್ಡ್, ಲಿವರ್ ಟೆಸ್ಟ್ ಮಾಡಿಸಬೇಕಿತ್ತು, ನಾನೇ ಮಾಡಿಸಿರಲಿಲ್ಲ.

ಕುಷ್ಟಗಿ_ಟೀಚರಮ್ಮ

ಎಲ್ಲ ಓದಿದೆ. ಅಣ್ಣ ಏನಂದ, ಅಕ್ಕ ಏನಂದಳು ಬರೆದಿದ್ದೀಯ ತಮ್ಮಾ. ನಿಮ್ಮ ಅಪ್ಪ ಏನಂತಾರೆ?

ಗಂಗಾವತಿ_ಗದ್ದೆ

ಟೀಚರಮ್ಮಾ, ನಿಮ್ಮ ಪ್ರಶ್ನೆ ಓದಿ ಫೋನು ಕೆಳಗಿಟ್ಟೆ. ನಿಜ ಹೇಳಬೇಕೆಂದರೆ ಕೇಳಿರಲಿಲ್ಲ. ನಿನ್ನೆ ರಾತ್ರಿ ಊಟ ಆದ ಮೇಲೆ ಕಟ್ಟೆ ಮೇಲೆ ಕೂತು ಕೇಳಿದೆ.

ಮೊದಲು "ನನಗೇನಾಗಿದೆ" ಅಂದರು. ಆಮೇಲೆ ಒಂದೊಂದೇ ಬಂತು. ಮನೆಯಿಂದ ಕಾಲುವೆ ದಂಡೆಗೆ ಹೋಗೋಕೆ ಈಗ ಮೂರು ಕಡೆ ನಿಲ್ಲುತ್ತಾರಂತೆ. ನಿಂತಾಗ ಯಾರಾದರೂ ನೋಡಿದರೆ ಬೀಡಿ ಹಚ್ಚಿದ ಹಾಗೆ ಮಾಡುತ್ತಾರಂತೆ. ಹೋದ ವರ್ಷ ಅಂಜನಾದ್ರಿಗೆ ಮೊಮ್ಮಕ್ಕಳ ಜೊತೆ ಹೋದಾಗ ಮೊಣಕಾಲು ನೋವು ಅಂತ ಕೆಳಗೇ ಕೂತಿದ್ದರು. 575 ಮೆಟ್ಟಿಲು, ವಯಸ್ಸಾಯಿತು ಅಂತ ನಾವೂ ಸುಮ್ಮನಾದೆವು. ಮೊಣಕಾಲಲ್ಲ, ದಮ್ಮು ಹತ್ತುತ್ತಿತ್ತು. ನಾವು ನಂಬಲಿ ಅಂತ ಮೊಣಕಾಲಿಗೆ ಊರಿನಲ್ಲಿ ಸೂಜಿ ಬೇರೆ ಹಾಕಿಸಿಕೊಂಡಿದ್ದಾರೆ.

ಎಕೋದಲ್ಲಿ ಪಂಪಿಂಗ್ ಶೇಕಡಾ 50, ಮೇಲ್ಕೋಣೆ 'ಸ್ವಲ್ಪ ದೊಡ್ಡದು' ಅಂತ ಇದೆ. ಥೈರಾಯ್ಡ್ ಸರಿ ಇದೆ. ಗೊರಕೆ ಮಾತ್ರ ಓಣಿಗೆಲ್ಲ ಕೇಳುತ್ತದೆ.

ಕ್ಯಾಥ್‌ಲ್ಯಾಬ್_ಕೊಪ್ಪಳ

ಆ ಸೂಜಿ ಮೊದಲು ನಿಲ್ಲಿಸಿ ಅಣ್ಣಾ. ಡೈಕ್ಲೊಫೆನಾಕ್ ತರಹದ ನೋವಿನ ಔಷಧಿ ಮತ್ತು ಅಪಿಕ್ಸಬಾನ್ ಸೇರಿದರೆ ಹೊಟ್ಟೆಯಲ್ಲಿ ರಕ್ತ ಸೋರಬಹುದು. ಬೀಡಿ ನಿಜವಾಗಿ ಸೇದುತ್ತಿದ್ದರೆ ಅದೂ ಬಂದ್.

ಇನ್ನೊಂದು. ದಮ್ಮು ಈ ಬಡಿತದಿಂದಲೇನಾ, ವಯಸ್ಸಿನಿಂದಲಾ ಅಂತ ಹೇಗೆ ಗೊತ್ತಾಗಬೇಕು? ಅಬ್ಲೇಶನ್‌ಗೆ ಮುಂಚೆ ಒಂದು ಪರೀಕ್ಷೆ ಮಾಡಬಹುದು. ಸ್ವಲ್ಪ ಹೊತ್ತು ಮಂಪರು ಬರಿಸಿ ಎದೆಗೆ ಒಂದು ಶಾಕ್ ಕೊಟ್ಟು ಲಯಕ್ಕೆ ತರುತ್ತಾರೆ. ಕಾರ್ಡಿಯೋವರ್ಶನ್ ಅಂತಾರೆ. ಎಷ್ಟು ದಿನ ನಿಲ್ಲುತ್ತದೋ ಗ್ಯಾರಂಟಿ ಇಲ್ಲ. ನಿಂತಷ್ಟು ದಿನ ಅವರಿಗೆ ಹೇಗನಿಸುತ್ತದೆ ನೋಡಿ. ಮೈ ಹಗುರಾದರೆ ಅಬ್ಲೇಶನ್‌ಗೆ ಅರ್ಥ ಇದೆ. ಏನೂ ವ್ಯತ್ಯಾಸ ಇಲ್ಲದಿದ್ದರೆ ಯಾಕೆ ಆ ಅಪಾಯ? ಶಾಕ್‌ಗೆ ಮುಂಚೆ ಮೂರು ವಾರ, ಆಮೇಲೆ ಕಡಿಮೆ ಅಂದರೂ ನಾಲ್ಕು ವಾರ ಒಂದು ಹೊತ್ತಿನ ಮಾತ್ರೆಯೂ ತಪ್ಪಬಾರದು. ಗೊರಕೆಗೆ ನಿದ್ದೆ ಪರೀಕ್ಷೆ ಮಾಡಿಸಿ. ರಾತ್ರಿ ಉಸಿರು ಕಟ್ಟುವವರಿಗೆ ಅಬ್ಲೇಶನ್ ಆದರೂ ಎಫಿಬ್ ಬೇಗ ಮರಳಿ ಬರುತ್ತದೆ.

ಹೂವಿನ_ಕನಕಗಿರಿ

ದುಡ್ಡಿನ ಮಾತು ಯಾರೂ ಎತ್ತಲಿಲ್ಲ. ನಮಗೆ ಖಾಸಗಿಯಲ್ಲಿ ಮೂರೂವರೆ ಲಕ್ಷದ ಮೇಲೆ ಹೇಳಿದ್ದರು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಆದರೆ ಯಾವ ಬಗೆಯ ಅಬ್ಲೇಶನ್, ಯಾವ ಆಸ್ಪತ್ರೆ ಅಂತ ಆರೋಗ್ಯಮಿತ್ರರ ಹತ್ತಿರ ಮೊದಲೇ ಕೇಳಿ. ಜಯದೇವಕ್ಕೆ ಈಗ ಕಲಬುರಗಿಯಲ್ಲೂ ಆಸ್ಪತ್ರೆ ಇದೆ. ಅಲ್ಲೊಂದು ಸಲ ಎರಡನೇ ಅಭಿಪ್ರಾಯ ತಗೊಳ್ಳಿ.

ಗಂಗಾವತಿ_ಗದ್ದೆ

ಎರಡೂವರೆ ತಿಂಗಳ ಮೇಲೆ ಬರೆಯುತ್ತಿದ್ದೇನೆ. ಕ್ಷಮಿಸಿ, ನಾಟಿ ಕೆಲಸ ಇತ್ತು.

ನಿದ್ದೆ ಪರೀಕ್ಷೆಯಲ್ಲಿ ಉಸಿರು ಕಟ್ಟುವುದು ಜಾಸ್ತಿ ಅಂತ ಬಂತು. ಮೂಗಿಗೆ ಹಾಕುವ ಮಷಿನ್ ತಂದಿದ್ದೇವೆ. ಮೊದಲ ವಾರ ಕಿತ್ತೆಸೆದರು, ಈಗ ಹಾಕಿಕೊಳ್ಳುತ್ತಾರೆ. ಓಣಿಯವರಿಗೂ ನಿದ್ದೆ!

ಶಾಕ್ ಕೊಡಿಸಿದೆವು. ಹತ್ತೊಂಬತ್ತು ದಿನ ನಿಂತಿತು. ನಾಲ್ಕನೇ ದಿನ ಬೆಳಗ್ಗೆ ನಾನು ಏಳುವುದರೊಳಗೆ ಕಾಲುವೆ ದಂಡೆಗೆ ಹೋಗಿ ಬಂದು ಚಹಾ ಕುಡಿಯುತ್ತಿದ್ದರು. "ಎಷ್ಟು ಕಡೆ ನಿಂತ್ರಿ?" ಅಂತ ಕೇಳಿದೆ. "ನೆನಪಾಗಲೇ ಇಲ್ಲ" ಅಂದರು. ಇಪ್ಪತ್ತನೇ ದಿನ ನಾಡಿ ಮತ್ತೆ ತಪ್ಪಿತು. ನಮಗಿಂತ ಮೊದಲು ಅವರಿಗೇ ಗೊತ್ತಾಗಿತ್ತು.

ಅಣ್ಣ, ಅಕ್ಕ, ನಾನು ಮತ್ತೆ ವಾದ ಶುರು ಮಾಡಿದೆವು. ಹತ್ತರಲ್ಲಿ ಐದಾರು ಅಂತಾರೆ, ಗೋಡೆ ತೂತಾಗಬಹುದು ಅಂತಾರೆ, ಮಾತ್ರೆಯಂತೂ ಜೀವ ಇರುವವರೆಗೆ ತಪ್ಪಲ್ಲ ಅಂತ ಎಲ್ಲ ಅವರಿಗೆ ಓದಿ ಹೇಳಿದೆ. ಕೇಳಿ ಮುಗಿಸಿ "ಆ ಹತ್ತೊಂಬತ್ತು ದಿನ ಇದ್ದವಲ್ಲ, ಅವು ಬೇಕು ನನಗೆ. ಕೊಯ್ಲು ಮುಗಿಯಲಿ, ಹೋಗೋಣ" ಅಂದರು. ಅಣ್ಣ ಬಾಯಿ ಬಿಡಲಿಲ್ಲ. ಎದ್ದು ಹೋಗಿ ಮೊಬೈಲ್‌ನಲ್ಲಿ ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್ ಟಿಕೆಟ್ ನೋಡುತ್ತಾ ಕೂತ.

ತೋರಣಗಲ್ಲು ಅಣ್ಣಾ, ವಾಪಸ್ ಬರುವಾಗ ರೈಲಿನಲ್ಲಿ ತೊಂದರೆ ಆಗಲ್ಲ ತಾನೇ?

ತೋರಣಗಲ್ಲು_ಶಿಫ್ಟ್

ಆಗಲ್ಲ. ಕೆಳಗಿನ ಬರ್ತ್ ಸಿಕ್ಕರೆ ಮಾತ್ರ ಬುಕ್ ಮಾಡಿ, ತೊಡೆಸಂದಿನ ಗಾಯ ಇಟ್ಟುಕೊಂಡು ಮೇಲೆ ಹತ್ತೋಕಾಗಲ್ಲ. ಡಿಸ್ಚಾರ್ಜ್ ದಿನವೇ ಹೊರಡಬೇಡಿ, ಎರಡು ದಿನ ಅಲ್ಲೇ ಯಾರದ್ದಾದರೂ ಮನೆಯಲ್ಲಿರಿ. ಒಂದು ವಾರ ಅಕ್ಕಿ ಚೀಲ ಎತ್ತೋಕೆ ಬಿಡಬೇಡಿ. ಮೂಗಿನ ಮಷಿನ್ ಮರೆಯದೆ ಬ್ಯಾಗಿಗೆ ಹಾಕಿ.